ಹೊಲಿಗೆ ಬಾಯಿಯ ದಾರಿ

ಮೊನ್ನೆ ಪಕ್ಕದ ಮನೆಯವರು ಹಳೆಯ ಹೊಲಿಗೆ ಯಂತ್ರವೊಂದನ್ನು ರಿಪೇರಿ ಮಾಡಿಸುತ್ತಿದ್ದರು. ರಿಪೇರಿಯವನು ಅದನ್ನು ಜಗಲಿಗೆ ತಂದು ಬಿಚ್ಚಿ, ಒಂದೊಂದು ತೂತಿಗೂ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದ. ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಯಂತ್ರದ ಎಣ್ಣೆ, ಅದರ ಜೊತೆಗೆ ಹೊಲಿದು ನೋಡಲು ತಂದ, ಗಂಜಿ ಬಿಡದ ಹೊಸ ಬಟ್ಟೆ... ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಅದು ಹೊಲಿಗೆ ಬಾಯಿಯ ಮನೆಯ ವಾಸನೆ.

ಬಾಯಿ ಕಾಸರಗೋಡಿನಲ್ಲಿ ನಮ್ಮ ಮನೆಯ ಹಿಂದೆ ಇದ್ದವರು. ಕೊಂಕಣಿ ಮಾತಾಡುವ ಕ್ರೈಸ್ತರ ಹೆಂಗಸು. ನಮ್ಮ ಕಡೆ ಅವರನ್ನೆಲ್ಲ ಬಾಯಿ ಎಂದೇ ಕರೆಯುವುದು. ಇವರು ಊರವರಿಗೆಲ್ಲ ಬಟ್ಟೆ ಹೊಲಿದುಕೊಡುತ್ತಿದ್ದುದರಿಂದ ಹೊಲಿಗೆ ಬಾಯಿ. ಗಂಡ ಬಡಗಿಯಾಗಿದ್ದನಂತೆ. ನಮ್ಮ ಮನೆಯ ಮಾಡಿನ ಕೆಲಸಕ್ಕೆಂದು ಬಂದವನ ಕೈಚಳಕ ಮೆಚ್ಚಿ ನಮ್ಮ ಅಜ್ಜಿ ಹಿತ್ತಿಲ ಪೂರ್ವದ ಮೂಲೆಯನ್ನು ಅವನಿಗೆ ರಿಜಿಸ್ಟ್ರಿ ಮಾಡಿ ಕ್ರಯಕ್ಕೆ ಕೊಟ್ಟಿದ್ದಳು. ಅವನು ಅಲ್ಲಿ ಎರಡು ಕೋಣೆಯ ಹೆಂಚಿನ ಮನೆ ಕಟ್ಟಿ, ಅದರಲ್ಲಿ ಹೆಚ್ಚು ಕಾಲ ಬಾಳದೆ ತೀರಿಹೋದ. ಬಾಯಿ ಉಳಿದರು. ಮಕ್ಕಳಿರಲಿಲ್ಲ.

ರಸ್ತೆ ಇದ್ದದ್ದು ನಮ್ಮ ಮನೆಯ ಎದುರಿಗೆ, ಪಶ್ಚಿಮಕ್ಕೆ. ಪೇಟೆಗೋ ಭಾನುವಾರದ ಪ್ರಾರ್ಥನೆಗೆ ಇಗರ್ಜಿಗೋ ಹೋಗಬೇಕಾದರೆ ಬಾಯಿ ನಮ್ಮ ಅಂಗಳವನ್ನೇ ದಾಟಿ ಹೋಗುತ್ತಿದ್ದರು. ಹೋಗುವಾಗ ಅಡುಗೆಮನೆಯ ಕಿಟಕಿಯ ಬಳಿ ನಿಂತು, “ಇವತ್ತು ಎಂತ ಪದಾರ್ಥ, ಅಕ್ಕಾ?” ಎಂದು ಅಮ್ಮನನ್ನು ಕೇಳದೆ ಮುಂದೆ ಹೋದದ್ದಿಲ್ಲ. ಅಮ್ಮನಿಗೂ ಆ ದನಿ ಕೇಳದಿದ್ದರೆ ಒಲೆ ಸರಿಯಾಗಿ ಉರಿಯುತ್ತಿರಲಿಲ್ಲವೋ ಏನೋ.

ಕಾಸರಗೋಡು ಆಗ ಇನ್ನೂ ಮದ್ರಾಸಿಗೆ ಸೇರಿತ್ತು. ಯುದ್ಧ ಮುಗಿದು ಸ್ವಲ್ಪ ಕಾಲವಾಗಿತ್ತು. ಅಪ್ಪ ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅಮ್ಮ ಒಬ್ಬಳೇ. ಮಂಗಳೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಣ್ಣ, ಮನೆ ಮಾರಿ ತನ್ನ ಜೊತೆ ಬಂದಿರು ಎಂದು ಒತ್ತಾಯ ಮಾಡಿದ. ನಮ್ಮದು ಅಳಿಯಸಂತಾನದ ಮನೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವುದು. ಹಾಗಾಗಿ ಅಮ್ಮ, ಅಣ್ಣ, ನಾನು ಮೂವರೂ ರುಜು ಹಾಕಬೇಕಿತ್ತು. ನಾನು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದೆ. ಹೆರಿಗೆ ಆ ಮನೆಯಲ್ಲೇ ಆಗಲಿ, ಆಮೇಲೆ ಮನೆ ಬಿಟ್ಟುಕೊಡುವುದು ಎಂದು ಮಾತಾಗಿತ್ತು. ಹುಟ್ಟುವ ಕೂಸಿಗೆ ಬಾಯಿ ಆಗಲೇ ಅಂಗಿ ಹೊಲಿಯತೊಡಗಿದ್ದರು.

ಕ್ರಯಪತ್ರ ಬರೆಯುವ ಕೆಲಸವನ್ನು ಅಪ್ಪನ ಗೆಳೆಯರಾಗಿದ್ದ ವಕೀಲರಿಗೆ ಒಪ್ಪಿಸಿದೆವು. ಒಳ್ಳೆಯ ಮನುಷ್ಯ. ಅಪ್ಪನ ಉತ್ತರಕ್ರಿಯೆಯ ಎಲ್ಲ ದಿನವೂ ನಮ್ಮ ಜಗಲಿಯಲ್ಲಿ ಕುಳಿತಿದ್ದವರು. ಅವರ ಮೇಲೆ ಸಂಶಯಪಡುವುದೇ ಪಾಪ ಎಂಬ ಹಾಗಿತ್ತು ನಮಗೆ. ಆದರೆ ಅವರು ಯಾವಾಗಲೂ ಯಾವುದೋ ರೈಲಿಗೆ ಹೊರಟವರಂತೆ ಇರುತ್ತಿದ್ದರು. ಒಂದು ಮಾತು ಕೇಳುವಾಗಲೇ ಇನ್ನೊಂದಕ್ಕೆ ಉತ್ತರ ಕೊಡುವರು. ಪತ್ರದ ಕರಡು ತಂದಾಗ ಅದರಲ್ಲಿ ಮನೆ ಮಾರುವವಳ ಹೆಸರು ಅಮ್ಮನದಾಗಿರಲಿಲ್ಲ, ಸತ್ತುಹೋದ ನಮ್ಮ ಅಜ್ಜಿಯದಾಗಿತ್ತು!

“ಅಯ್ಯೋ, ಹಳೆಯ ಪತ್ರ ನೋಡಿ ಬರೆದದ್ದಲ್ವಾ ಅಕ್ಕ, ಕೈ ತಪ್ಪಿತು. ಸಣ್ಣದು, ಸರಿ ಮಾಡುವ,” ಎಂದು ವಕೀಲರು ನಕ್ಕರು. ನಾವೂ ನಕ್ಕೆವು. ಆಗ ನಗದೆ ಮತ್ತೊಮ್ಮೆ ಯೋಚಿಸಬೇಕಿತ್ತು ಎಂದು ಅಮ್ಮ ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಮನೆ ಕೊಂಡವರು ಕೊಲಂಬೊದಲ್ಲಿ ವ್ಯಾಪಾರ ಮಾಡಿ ಊರಿಗೆ ಮರಳಿದ್ದ ಬ್ಯಾರಿ ಮುಸಲ್ಮಾನ ಸಾಹುಕಾರರು. ಮರ್ಯಾದಸ್ಥರು. ರಿಜಿಸ್ಟ್ರಿಯ ದಿನ ಕಚೇರಿಯಲ್ಲಿ ಜನವೋ ಜನ. ವಕೀಲರ ಗುಮಾಸ್ತ ಪತ್ರವನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದ. ಸೆಕೆಗೆ ನನಗೆ ತಲೆ ತಿರುಗುತ್ತಿತ್ತು. ತೋರಿಸಿದಲ್ಲಿ ರುಜು ಹಾಕಿ ಹೊರಗೆ ಬಂದೆವು. ಅಣ್ಣ ಮಂಗಳೂರಿಗೆ ಹೊರಟುಹೋದ. ಅಮ್ಮ ಆ ಸಂಜೆ ದೇವರ ದೀಪ ಹಚ್ಚಿ, “ಒಂದು ಭಾರ ಇಳಿಯಿತು,” ಎಂದಳು.

ಕೆಲವು ದಿನ ಕಳೆದು, ಸಾಹುಕಾರರ ಕಡೆಯ ಆಳುಗಳು ಸರಪಳಿ ಹಿಡಿದು ಜಾಗ ಅಳೆಯಲು ಬಂದರು. ಹಿಂದೆ ಒಂದು ಗೋಡೌನು ಕಟ್ಟುವುದಿತ್ತಂತೆ. ಅಮ್ಮ ಅವರಿಗೆ ಮಜ್ಜಿಗೆ ಕೊಟ್ಟಳು. ಅವರು ಹಿತ್ತಿಲಿನ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಬಾಯಿಯ ಯಂತ್ರದ ಸದ್ದು ನಿಂತಿತು. ಮತ್ತೆ ನೋಡುವಾಗ ಬಾಯಿ ನಮ್ಮ ಅಡುಗೆಮನೆಯ ಕಿಟಕಿಯ ಹೊರಗೆ ನಿಂತಿದ್ದರು. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ನೇತಾಡುತ್ತಿತ್ತು.

“ಅಕ್ಕಾ, ಅವರು ನನ್ನ ಮಲ್ಲಿಗೆ ಬುಡದಲ್ಲಿ ಗೂಟ ಹುಗಿದಿದ್ದಾರೆ. ಮನೆಯ ಆಚೆ ಬದಿಗೂ ಹುಗಿದಿದ್ದಾರೆ. ಕೇಳಿದರೆ ಪತ್ರದಲ್ಲಿ ಉಂಟು ಅಂತಾರೆ.”

ಅಮ್ಮನಿಗೆ ಅರ್ಥವೇ ಆಗಲಿಲ್ಲ. “ಯಾವ ಪತ್ರದಲ್ಲಿ?”

“ನೀವು ಬರೆದುಕೊಟ್ಟ ಪತ್ರದಲ್ಲಿ. ನನ್ನ ಮನೆಯನ್ನೂ ಮಾರಿದ್ದೀರಂತೆ. ನಾನು ಎಲ್ಲಿಗೆ ಹೋಗುದು ಅಂತಲೂ ಅದರಲ್ಲಿ ಬರೆದದ್ದು ಉಂಟಾ, ಅಕ್ಕಾ?”

ಅವರು ದನಿ ಏರಿಸಲಿಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾರದ್ದು.

ಅಮ್ಮ ಉಟ್ಟ ಸೀರೆಯಲ್ಲೇ ವಕೀಲರ ಮನೆಗೆ ಹೊರಟಳು. ಬೇಡವೆಂದರೂ ನಾನು ಜೊತೆಗೆ ಹೋದೆ. ವಕೀಲರು ತಮ್ಮ ಪ್ರತಿಯನ್ನು ತೆಗೆದು ನೋಡಿ, ಕನ್ನಡಕ ಹಣೆಗೇರಿಸಿದರು. ಅಜ್ಜಿ ಮೂಲೆಯ ಜಾಗ ಕೊಡುವುದಕ್ಕಿಂತಲೂ ಹಿಂದಿನ ಪತ್ರವೊಂದನ್ನು ಎದುರಿಗಿಟ್ಟುಕೊಂಡು, ನಾಲ್ಕು ದಿಕ್ಕಿನ ಗಡಿಯನ್ನು ಅದರಲ್ಲಿದ್ದ ಹಾಗೆಯೇ ಇಳಿಸಿಬಿಟ್ಟಿದ್ದರು. ಬಾಯಿಯ ಮನೆ ನಮ್ಮ ಜಾಗದ ಒಳಗೆ ಸೇರಿಹೋಗಿತ್ತು.

“ಆ ಮೂಲೆ ಬಾಯಿಯದು ಅಂತ ನಾನು ನಿಮಗೆ ಹೇಳಿದ್ದೆ,” ಎಂದಳು ಅಮ್ಮ.

“ಹೇಳಿದ್ರಿ, ಹೇಳಿದ್ರಿ. ಬಿಟ್ಟುಹೋಗಿದೆ. ಅದಕ್ಕೆ ಇಷ್ಟು ತಲೆಬಿಸಿ ಎಂತಕ್ಕೆ ಮಾರಾಯ್ರೆ? ನಿಮ್ಮದಲ್ಲದ್ದನ್ನು ನೀವು ಮಾರಿದರೂ ಅದು ಹೋಗುದಿಲ್ಲ. ಸಾಹುಕಾರರು ಒಪ್ಪಿದರೆ ಒಂದು ತಿದ್ದುಪಡಿ ಪತ್ರ. ಒಪ್ಪದಿದ್ದರೆ ಹೆಚ್ಚೆಂದರೆ ಒಂದು ವ್ಯಾಜ್ಯ.”

ಹೆಚ್ಚೆಂದರೆ ಒಂದು ವ್ಯಾಜ್ಯ! ವ್ಯಾಜ್ಯ ಹಿಡಿದು ಕೋರ್ಟಿನ ಮೆಟ್ಟಿಲಲ್ಲೇ ಮುದುಕರಾದವರನ್ನು ನಮ್ಮ ಊರಲ್ಲಿ ಎಲ್ಲರೂ ನೋಡಿದ್ದರು. ಹೊಲಿಗೆ ಯಂತ್ರ ತುಳಿದು ಬದುಕುವ ಹೆಂಗಸು ಯಾವ ಕೋರ್ಟಿಗೆ ಹೋದಾಳು... ಅಮ್ಮ ದಾರಿಯುದ್ದಕ್ಕೂ ಅದನ್ನೇ ಗೊಣಗುತ್ತ ಬಂದಳು.

ಅಲ್ಲಿಂದ ನೇರ ಸಾಹುಕಾರರ ಮನೆಗೆ. ಅವರು ಅಮ್ಮನನ್ನು ಕೂರಿಸಿ ಶರಬತ್ತು ತರಿಸಿ ಎಲ್ಲ ಕೇಳಿದರು. “ಅಮ್ಮಾ, ಕಾಗದದಲ್ಲಿ ಇದ್ದದ್ದನ್ನೇ ನಾನು ಅಳೆಸಿದ್ದು. ಆ ಬಾಯಿ ನಿಮ್ಮ ಬಾಡಿಗೆಯವರು ಅಂತ ಎಣಿಸಿದ್ದೆ. ಗೋಡೌನಿಗೆ ಆ ಜಾಗ ಉಂಟು ಅಂತಲೇ ನಾನು ವ್ಯಾಪಾರಕ್ಕೆ ಇಳಿದದ್ದು. ನನ್ನ ಅಣ್ಣತಮ್ಮಂದಿರ ಹತ್ತಿರ ಕೇಳಿ ಹೇಳ್ತೇನೆ,” ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಅದರಿಂದ ನಮ್ಮ ಹೆದರಿಕೆ ಇನ್ನೂ ಹೆಚ್ಚಾಯಿತು.

ಆಮೇಲಿನ ದಿನಗಳು ಕಾಯುವುದರಲ್ಲೇ ಕಳೆದವು. ಸಾಹುಕಾರರ ಕಡೆಯಿಂದ ಸುದ್ದಿಯಿಲ್ಲ. ವಕೀಲರು ಯಾವುದೋ ಕೇಸಿಗೆಂದು ಮಂಗಳೂರಿಗೆ ಹೋದವರು ಬಂದಿಲ್ಲ. ರಸ್ತೆಯಲ್ಲಿ ಯಾರ ಹೆಜ್ಜೆ ಸದ್ದಾದರೂ ಅಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟು ಜಗಲಿಗೆ ಓಡುವಳು. ಊಟ ಸೇರದು. ಹೊಟ್ಟೆಯಲ್ಲಿ ಕೂಸು ಹೊರಳಿದರೂ ನನಗೆ ಏನೋ ಕೇಡು ಕಾದಿದೆ ಎಂದೇ ಅನ್ನಿಸುವುದು. ಮಧೂರಿನ ಗಣಪತಿಗೆ ಅಪ್ಪ ಕಜ್ಜಾಯದ ಹರಕೆ ಹೊತ್ತದ್ದೂ ಆಗಲೇ.

ಎಲ್ಲಕ್ಕಿಂತ ಕಷ್ಟವಾದದ್ದು ಬಾಯಿ ನಮ್ಮ ಅಂಗಳ ದಾಟುವುದನ್ನು ನಿಲ್ಲಿಸಿದ್ದು. ಹಿಂದಿನ ಯಾರದೋ ಗದ್ದೆಯ ಹುಣಿ, ಬದುಗಳ ಮೇಲೆ ಸುತ್ತಿ ಬಳಸಿ ಇಗರ್ಜಿಗೆ ಹೋಗತೊಡಗಿದರು. ಅಮ್ಮ ಒಂದು ದಿನ ಅವರ ಬಾಗಿಲಿಗೆ ಹೋಗಿ, “ನಾವು ಬೇಕೂಂತ ಮಾಡಿದ್ದಲ್ಲ ಬಾಯಿ, ಆ ವಕೀಲರು ಮರೆತದ್ದು,” ಎಂದು ಕೈ ಹಿಡಿದುಕೊಂಡಳು. ಬಾಯಿ ಕೈ ಬಿಡಿಸಿಕೊಳ್ಳಲಿಲ್ಲ. “ಇರಬಹುದು, ಅಕ್ಕಾ,” ಎಂದರು, ಅಷ್ಟೆ. ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಒಳಗೆ ಟ್ರಂಕು ಕಟ್ಟಿ ಇಟ್ಟಿದ್ದು ಬಾಗಿಲಿನಿಂದಲೇ ಕಾಣುತ್ತಿತ್ತು.

ಕೊನೆಗೆ ಸಾಹುಕಾರರು ಒಪ್ಪಿದ್ದಾರೆಂದು ಹೇಳಿಕಳುಹಿಸಿದರು. ಅಣ್ಣ ಓಡಿ ಬಂದ. ವಕೀಲರೂ ಬಂದು ತಿದ್ದುಪಡಿ ಪತ್ರ ಸಿದ್ಧಮಾಡಿದರು. ಎಲ್ಲರೂ ಮತ್ತೆ ರಿಜಿಸ್ಟ್ರಿ ಕಚೇರಿಯ ಜಗಲಿಯಲ್ಲಿ ಸೇರಿದೆವು. ಈ ಸಲ ಬಾಯಿಯೂ ಇದ್ದರು, ಇಗರ್ಜಿಗೆ ಉಡುವ ಸೀರೆ ಉಟ್ಟು.

ರುಜು ಹಾಕುವ ಮೊದಲು ಬಾಯಿ ನನ್ನ ಕಡೆ ತಿರುಗಿ, “ಮಗಾ, ನೀನು ಓದಿ ಹೇಳು. ನಿಧಾನಕ್ಕೆ ಓದು,” ಎಂದರು.

ಓದಿದೆ. ಅರ್ಧಕ್ಕೆ ಬಂದವಳು ಹಿಂದೆ ಹೋಗಿ ಒಂದು ಸಾಲನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದೆ. ಪೂರ್ವದ ಭಾಗವನ್ನು ಕ್ರಯದಿಂದ ಬಿಟ್ಟಿದೆ ಎಂದಿರಬೇಕಾದಲ್ಲಿ ವಕೀಲರು ಪಶ್ಚಿಮದ ಭಾಗ ಎಂದು ಬರೆದಿದ್ದರು. ನಮ್ಮ ಮನೆ ನಮಗೇ ವಾಪಸು ಬಂದು, ಬಾಯಿಯ ಮನೆಯೊಂದೇ ಸಾಹುಕಾರರಿಗೆ ಹೋಗಿತ್ತು.

“ಹಾಗಾದರೆ ನಾನು ಕೊಂಡದ್ದು ಎಂತ? ಬಾಯಿಯ ಎರಡು ಕೋಣೆಯಾ?” ಎಂದು ಸಾಹುಕಾರರು ಎದ್ದು ನಿಂತರು. ಜಗಲಿಯಲ್ಲಿದ್ದ ಕೆಲವರು ಗೊಳ್ಳೆಂದು ನಕ್ಕರು. ಅಣ್ಣನಿಗೆ ಸಿಟ್ಟು ನೆತ್ತಿಗೇರಿತ್ತು. “ದಿಕ್ಕು ತಿಳಿಯದವರು ವಕೀಲಿಕೆ ಎಂತಕ್ಕೆ ಮಾಡುದು?” ಎಂದು ಎಲ್ಲರೆದುರೇ ಕೂಗಿದ. ಆಗ ಮಾತ್ರ ವಕೀಲರ ಮುಖ ಸಣ್ಣದಾಯಿತು. ಅವರೇ ಹೋಗಿ ಹೊಸ ಛಾಪಾ ಕಾಗದ ತಂದು, ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಸ್ವಂತ ಕೈಯಿಂದ ಬರೆಯತೊಡಗಿದರು.

ಅವರು ಬರೆಯುತ್ತಿರುವಾಗ ಬಾಯಿ ಮೆಲ್ಲಗೆ ಕೇಳಿದರು: “ನನ್ನ ದಾರಿ ಎಲ್ಲಿ ಬರೀತಾರೆ?”

ವಕೀಲರು ತಲೆಯೆತ್ತಿ, “ಯಾವ ದಾರಿ?” ಎಂದರು.

“ಇಷ್ಟು ವರ್ಷ ನಿಮ್ಮ ಅಂಗಳದಲ್ಲಿ ನಡೆದೆ, ಅಕ್ಕಾ. ಇನ್ನು ಅದು ಇವರ ಅಂಗಳ. ಮನೆ ನನ್ನದು ಅಂತ ಬರೆದರೆ ಆಯ್ತಾ? ರಸ್ತೆಗೆ ನಾನು ಹಾರಿ ಹೋಗುದಾ? ಆ ಗದ್ದೆಯ ಹುಣಿ ಯಾರದೋ, ಅವರು ಬೇಡ ಅಂದರೆ ಮುಗೀತು. ಮನೆಯನ್ನು ವಕೀಲರು ಮರೆತದ್ದು ಹೌದು. ದಾರಿಯನ್ನು ನೀವೂ ಮರೆತಿರಿ.”

ಅಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಬಾಯಿ ಹೇಳಿದ್ದು ನಿಜವಾಗಿತ್ತು. ಅಷ್ಟು ದಿನ ವಕೀಲರನ್ನು ಬಯ್ಯುತ್ತಿದ್ದೆವು. ಆ ಪತ್ರ ಒಂದಕ್ಷರವೂ ತಪ್ಪಿಲ್ಲದೆ ಬರೆದದ್ದಾಗಿದ್ದರೂ ಬಾಯಿ ನಾಲ್ಕು ಕಡೆ ಮುಚ್ಚಿದ ಮನೆಯೊಳಗೆ ಉಳಿಯುತ್ತಿದ್ದರು. ಅದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಮ್ಮ ಸಾಹುಕಾರರ ಎದುರು ಹೋಗಿ ನಿಂತಳು. “ನೀವು ಏನು ಹೇಳಿದರೂ ಸರಿ, ಇವರಿಗೆ ದಾರಿ ಬಿಡದೆ ನಾನು ಇಲ್ಲಿಂದ ಕದಲುವವಳಲ್ಲ,” ಎಂದಳು. ಜೀವಮಾನದಲ್ಲಿ ಗಂಡಸರ ನಡುವೆ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಾಹುಕಾರರು ಗಡ್ಡ ನೀವಿಕೊಂಡರು. “ತೆಂಕು ಬದಿಯ ಪಾಗಾರದ ಗೋಡೆಯ ಪಕ್ಕ ಬಿಡುವ. ಒಂದು ಆಳು ತಲೆಹೊರೆ ಹೊತ್ತು ಹೋಗುವಷ್ಟು ಸಾಕಲ್ವಾ?”

“ಸಾಲದು,” ಎಂದರು ಬಾಯಿ. “ನಾಳೆ ನಾನು ಸತ್ತರೆ ನನ್ನ ಪೆಟ್ಟಿಗೆ ಹೊರುವವರು ಇಬ್ಬರಿಬ್ಬರು ಅಕ್ಕಪಕ್ಕ ನಡೀಬೇಕು.”

ಸಾಹುಕಾರರು ತಲೆ ತಗ್ಗಿಸಿದರು. ಆಮೇಲೆ ವಕೀಲರಿಗೆ, “ಅವರು ಹೇಳಿದ ಹಾಗೆ ಬರೀರಿ,” ಎಂದರು. ಒಂದೊಂದು ಸಾಲು ಬರೆದಾಗಲೂ ನಾನು ಗಟ್ಟಿಯಾಗಿ ಓದಿದೆ. ಬಾಯಿ ಕಣ್ಣು ಮುಚ್ಚಿ ಕೇಳಿದರು. ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ರುಜು ಮುಗಿಯಿತು.

ಎಲ್ಲ ಸರಿಯಾಯಿತು ಎಂದುಕೊಂಡೆವು. ಮಗಳು ಹುಟ್ಟಿದಳು. ಕೂಸಿನ ಅಂಗಿಗಳನ್ನು ಬಾಯಿ ಹೊಲಿದು ಮುಗಿಸಿದ್ದರು, ಅಂಚಿಗೆ ಬಣ್ಣದ ದಾರದ ಹೂವು ಹಾಕಿ. ಆದರೆ ಅವರೇ ತರಲಿಲ್ಲ, ಬಟ್ಟೆ ಒಗೆಯುವವಳ ಕೈಯಲ್ಲಿ ಕಳುಹಿಸಿದರು. ಮರುವಾರ ಎರಡು ಮನೆಗಳ ನಡುವೆ ಬಿದಿರಿನ ಬೇಲಿ ಎದ್ದಿತು. ಕಟ್ಟಿಸಿದ್ದು ಸಾಹುಕಾರರಲ್ಲ, ಬಾಯಿ. ಅಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತ, “ಕಟ್ಟಿಸಲಿ, ಅವರ ಜಾಗ,” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾವು ಮನೆ ಬಿಡುವ ದಿನ ಬಾಯಿ ಬಂದರು. ಕೂಸಿನ ಹಣೆಯ ಮೇಲೆ ಬೆರಳಿನಿಂದ ಶಿಲುಬೆಯ ಗುರುತು ಮಾಡಿದರು. ಅಮ್ಮ ಏನೋ ಹೇಳಲು ಹೋದಾಗ ಅವರೇ ಹೇಳಿದರು: “ನನಗೆ ನಿಮ್ಮ ಮೇಲೆ ಕೋಪ ಇಲ್ಲ, ಅಕ್ಕಾ. ಹೆದರಿಕೆ ಆಯ್ತು, ಅಷ್ಟೆ. ಅಷ್ಟು ಹೆದರಿದ ಮೇಲೆ ಮೊದಲಿನ ಹಾಗೆ ಇರ್ಲಿಕ್ಕೆ ಆಗುದಿಲ್ಲ.”

ವಕೀಲರು ಕೆಲವು ವರ್ಷಗಳ ಮೇಲೆ ಮಂಗಳೂರಿನಲ್ಲಿ ಅಣ್ಣನ ಅಂಗಡಿಗೆ ಬಂದು, ಆ ಮನೆಯ ವ್ಯವಹಾರ ಸುಸೂತ್ರವಾಗಿ ಮುಗಿಯಿತಲ್ಲ ಎಂದು ಸಂತೋಷಪಟ್ಟರಂತೆ. ಅವರಿಗೆ ನಿಜವಾಗಿಯೂ ಹಾಗೆಯೇ ನೆನಪಿದ್ದಿರಬೇಕು.

ಅಮ್ಮ ಮಂಗಳೂರಿನಲ್ಲಿದ್ದಷ್ಟು ಕಾಲವೂ, “ಒಮ್ಮೆ ಹೋಗಿ ಬಾಯಿಯನ್ನು ಮಾತಾಡಿಸಿ ಬರಬೇಕು,” ಎನ್ನುತ್ತಿದ್ದಳು. ಹೋಗುವುದು ಕಷ್ಟವೇನಲ್ಲ, ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಕಾಸರಗೋಡು. ಹೋಗಿ ಏನು ಹೇಳುವುದು ಎಂಬುದು ತೋಚುತ್ತಿರಲಿಲ್ಲವೇನೋ... ಹೋಗದೆಯೇ ತೀರಿಕೊಂಡಳು.

ಅವಳ ಕ್ರಿಯೆಗಳೆಲ್ಲ ಮುಗಿದ ಮೇಲೆ ನಾನೇ ಹೊರಟೆ. ರೈಲಿನಲ್ಲಿ ಕುಳಿತು ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ: ಅಮ್ಮ ಕೊನೆಯವರೆಗೂ ನಿಮ್ಮನ್ನು ಕೇಳುತ್ತಿದ್ದಳು, ಹೊಸ ಊರಲ್ಲಿ ಅವಳಿಗೆ ಅಡುಗೆಮನೆಯ ಕಿಟಕಿಯಲ್ಲಿ ಮಾತಾಡಿಸುವವರು ಯಾರೂ ಸಿಗಲಿಲ್ಲ, ಎಂದೆಲ್ಲ. ಆ ಎರಡು ಕೋಣೆಯ ಮನೆಯ ಬಾಗಿಲು ತಟ್ಟಿದರೆ ಗುರುತಿಲ್ಲದ ಹೆಂಗಸೊಬ್ಬಳು ಹೊರಗೆ ಬಂದಳು. “ಹೊಲಿಗೆ ಬಾಯಿಯಾ? ಅವರು ಹೋದ ಮಳೆಗಾಲದಲ್ಲೇ ತೀರಿಹೋದರಲ್ಲ. ನೀವು ಅವರಿಗೆ ಎಂತ ಆಗಬೇಕು?” ಎಂದು ಕೇಳಿದಳು.

ಏನಾಗಬೇಕು ಎಂದು ಹೇಳಲು ಗೊತ್ತಾಗದೆ ಹಿಂತಿರುಗಿದೆ. ರೈಲಿನಲ್ಲಿ ಜೋಡಿಸಿಕೊಂಡ ಮಾತುಗಳು ಒಂದೂ ಖರ್ಚಾಗಲಿಲ್ಲ. ಈಗ ನನಗೂ ವಯಸ್ಸಾಯಿತು. ಕೇಳಬೇಕಾಗಿದ್ದವರೂ ಇಲ್ಲ, ಹೇಳಿಬಾ ಎಂದು ಕಳುಹಿಸಬೇಕಾಗಿದ್ದವಳೂ ಇಲ್ಲ. ಕೆಲವು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಆ ಮಾತುಗಳನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ.