ಶೆಟ್ಟರ ಇಂಜಿನ್ ಮೂರೇ ತುಳಿತಕ್ಕೆ

ಕಳೆದ ಮಂಗಳವಾರ ಬೆಳಿಗ್ಗೆ ನಾನು ನನ್ನ ಸೈಕಲ್ಲಿಗೆ ಒದ್ದೆ. ಸೈಕಲ್ಲಿಗೆ ಏನೂ ಆಗಲಿಲ್ಲ. ನನ್ನ ಕಾಲಿನ ಹೆಬ್ಬೆರಳು ಮಾತ್ರ ಇದನ್ನು ಬರೆಯುವ ಹೊತ್ತಿಗೂ ಬದನೆಕಾಯಿಯ ಬಣ್ಣದಲ್ಲಿದೆ.

ನಿಜ ಹೇಳಬೇಕೆಂದರೆ ಸಿಟ್ಟು ಸೈಕಲ್ಲಿನ ಮೇಲಲ್ಲ. ಅದರ ಹಿಂದಿನ ಗಾಲಿಯ ಪಕ್ಕಕ್ಕೆ ಕೂರಿಸಿರುವ ಪುಟ್ಟ ಪೆಟ್ರೋಲ್ ಇಂಜಿನ್ನಿನ ಮೇಲೆ. ನೀವೂ ಇತ್ತೀಚೆಗೆ ನೋಡಿರಬಹುದು. ಗಾತ್ರದಲ್ಲಿ ಒಂದು ಸುಲಿಯದ ತೆಂಗಿನಕಾಯಿ. ಮಾಮೂಲಿ ಸೈಕಲ್ಲಿಗೆ ಬಿಗಿದು, ನಾಲ್ಕು ಸಲ ಪೆಡಲ್ ತುಳಿದು ಕ್ಲಚ್ ಬಿಟ್ಟರೆ ಫಟಫಟ ಎಂದು ತಾನೇ ಓಡುತ್ತದೆ. (ಓಡುತ್ತದೆ ಎಂದು ಅದರ ಜೊತೆಗೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ ಬರೆದಿದೆ.)

ನಾನಿರುವುದು ಮುಂಬಯಿಯ ಉತ್ತರದ ಅಂಚಿನ ಬೊರಿವಲಿಯಲ್ಲಿ. ಸ್ಟೇಷನ್ನಿನಿಂದ ಒಂದೂವರೆ ಮೈಲು ಒಳಗೆ, ಸಾಲುಮನೆಗಳ ಒಂದು ಚಾಳ್. ದಿನಾ ಎಂಟೂ ಇಪ್ಪತ್ತರ ಲೋಕಲ್ ಹಿಡಿದು ಊರಿನ ಇನ್ನೊಂದು ತುದಿಯ ಫೋರ್ಟಿನ ಆಫೀಸಿಗೆ ಹೋಗಬೇಕು. ನಡೆದು ನಡೆದು ಚಪ್ಪಲಿ ಸವೆದ ಮೇಲೆ ಈ ಇಂಜಿನ್ ತಂದೆ. ಅದು ಚಳಿಗೆ ಶುರುವಾಗುವುದಿಲ್ಲ ಎಂದರೆ ಫೋರ್ಟಿನವರು ನಗುತ್ತಾರೆ. ಮುಂಬಯಿಯಲ್ಲಿ ಚಳಿಯೇ? ಸ್ವಾಮಿ, ಮುಂಬಯಿಯಲ್ಲಿಲ್ಲ, ಬೊರಿವಲಿಯಲ್ಲಿದೆ. ನೀವು ಫ್ಯಾನ್ ಹಾಕಿಕೊಂಡು ಮಲಗುವ ಜನವರಿಯಲ್ಲಿ ನಾವು ಗುಡ್ಡದ ಕಡೆಯ ಗಾಳಿಗೆ ಮಫ್ಲರ್ ಸುತ್ತಿಕೊಂಡು ಬಾವಿಯಿಂದ ನೀರು ಸೇದುತ್ತೇವೆ.

ಇರಲಿ. ಚಳಿಗೆ ಎಲ್ಲರ ಇಂಜಿನ್ನೂ ಹೀಗೇ ಎಂದಿದ್ದರೆ ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹಾಗಿಲ್ಲವಲ್ಲ!

ನನ್ನ ಪಕ್ಕದ ಮನೆಯವರು ರಾಮಣ್ಣ ಶೆಟ್ಟರು. ಉಡುಪಿಯ ಕಡೆಯವರು, ಫೋರ್ಟಿನ ಒಂದು ಹೋಟೆಲಿನ ಮ್ಯಾನೇಜರು. ಬಹಳ ಒಳ್ಳೆಯ ಮನುಷ್ಯ. (ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಇರುವುದಿಲ್ಲ.) ದೀಪಾವಳಿಗೆ ನಾನು ಇಂಜಿನ್ ತಂದ ದಿನ ಅದರ ಸುತ್ತ ನಾಲ್ಕು ಸುತ್ತು ಬಂದು, "ಇದು ಎಲ್ಲಿ ಸಿಕ್ಕಿತು ರಾಯರೇ?" ಎಂದು ಕೇಳಿದರು. ಅಂಗಡಿ ತೋರಿಸಿದವನು ನಾನು. ಯಾವ ನಟ್ ಎಲ್ಲಿ ಬಿಗಿಯಬೇಕೆಂದು ಹೇಳಿಕೊಟ್ಟವನೂ ನಾನೇ. ತಿಂಗಳೊಳಗೆ ಅದೇ ಕಂಪನಿಯ ಅದೇ ಇಂಜಿನ್ ಅವರ ಸೈಕಲ್ಲಿಗೂ ಬಂತು.

ಡಿಸೆಂಬರಿನಲ್ಲಿ ಚಳಿ ಬಿತ್ತು. ನನ್ನದು ಮುಷ್ಕರ ಹೂಡಿತು. ಶೆಟ್ಟರದು? ಒಂದೆರಡು ದಿನ ಮೊಂಡು ಹಿಡಿಯಿತು, ಆಮೇಲೆ ದಿನಾ ಒಂದು, ಎರಡು, ಮೂರು ತುಳಿತ. ಫಟ್ ಫಟ್ ಫಟ್. ಅವರು ಹೊರಡುವುದು ಆರೂ ಮುಕ್ಕಾಲಿಗೆ, ಅಂದರೆ ನನಗಿಂತ ಒಂದು ಗಂಟೆ ಮೊದಲು, ಚಳಿ ಇನ್ನೂ ಜೋರಾಗಿರುವಾಗ. ನಾನು ಹಾಸಿಗೆಯಲ್ಲಿ ಬಿದ್ದುಕೊಂಡೇ ಎಣಿಸುತ್ತಿದ್ದೆ. ಒಂದು ದಿನವಾದರೂ ನಾಲ್ಕನೆಯ ತುಳಿತ ಬೇಕಾಗಲಿ ದೇವರೇ! ಬೇಕಾಗಲಿಲ್ಲ.

ಹಾಗೆಂದು ನಾನೇನು ಕೈಕಟ್ಟಿ ಕೂತವನಲ್ಲ. ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿದೆ. ಬೆರೆಸುವ ಎಣ್ಣೆಯನ್ನು ಔಷಧಿಯ ಹಾಗೆ ಅಳೆದು ಬೆರೆಸಿದೆ. ಗಾಳಿ ತಡೆಯುವ ಚೋಕ್ ಮುಚ್ಚಿ ನೋಡಿದೆ, ತೆರೆದು ನೋಡಿದೆ, ಅರ್ಧ ಮುಚ್ಚಿ ನೋಡಿದೆ. ಒಳಗೆ ಕಿಡಿ ಹಾರಿಸುವ ಪ್ಲಗ್ ಎಂಬ ಹೆಬ್ಬೆರಳುದ್ದದ ಸಾಮಾನಿದೆಯಲ್ಲ, ಅದನ್ನು ಬಿಚ್ಚಿ ಧೋತರದ ಚುಂಗಿನಿಂದ ಒರೆಸಿದೆ. ಎಷ್ಟು ಸಲ ಬಿಚ್ಚಿದರೂ ಪೆಟ್ರೋಲಿನಲ್ಲಿ ನೆನೆದು ಒದ್ದೆ. ಸಯನ್ನಿನಲ್ಲಿರುವ ಗೆಳೆಯನೊಬ್ಬ, "ಇಂಜಿನ್ನಿಗೆ ರಾತ್ರಿ ದಪ್ಪಗೆ ಏನಾದರೂ ಹೊದಿಸು" ಎಂದ. ಧಾರವಾಡದಿಂದ ನನ್ನ ತಾಯಿ ಹೊಲಿದು ಕಳಿಸಿದ ಕೌದಿಯನ್ನು ಹೊದಿಸಿದೆ. ಇಂಜಿನ್ ಸುಖವಾಗಿ ನಿದ್ದೆ ಮಾಡಿತು. ಎದ್ದೇಳಲಿಲ್ಲ.

"ಅತ್ತಿಯವರ ಕೌದಿ ಅದು! ಪೆಟ್ರೋಲ್ ನಾತ ಹೊಡೀಲಿಕ್ಕತ್ತದ. ಇನ್ನ ಅದರಾಗ ಮಲಗೂದು ಹ್ಯಾಂಗ್ರೀ?" ಎಂದಳು ನನ್ನ ಹೆಂಡತಿ ಶಾಂತಾ.

ಹಾಲಿನ ಭಯ್ಯಾ ಕೂಡ ಕ್ಯಾನ್ ಇಳಿಸಿ ನಿಂತು, "ಸಾಬ್, ಇಸಕೋ ಭೀ ಏಕ್ ಕಪ್ ಗರಮ್ ಚಾಯ್ ಪಿಲಾವೋ" ಎಂದು ನಕ್ಕ. ಇಂಜಿನ್ನಿಗೂ ಒಂದು ಕಪ್ ಬಿಸಿ ಚಹಾ ಕುಡಿಸಬೇಕಂತೆ!

ಆಫೀಸಿನಲ್ಲಿ ಮೂರು ಲೇಟ್ ಮಾರ್ಕಿಗೆ ಒಂದು ರಜೆ ಕತ್ತರಿಸುತ್ತಾರೆ. ನನ್ನವು ಎರಡು ಹೋದವು. ಹೋಗಲಿ ಬಿಡಿ, ಅದನ್ನು ನುಂಗಿಕೊಂಡೆ. ನುಂಗಲಾಗದೆ ಉಳಿದದ್ದು ಬೇರೆ.

ದಿನಾ ಆರೂ ಮುಕ್ಕಾಲಿಗೆ, ಶೆಟ್ಟರು ಸೈಕಲ್ ಹತ್ತುವ ಹೊತ್ತಿಗೆ ಸರಿಯಾಗಿ, ಶಾಂತಾ ಸ್ಟೋವಿನ ಮುಂದಿನಿಂದ ಎದ್ದು ಕಿಟಕಿಗೆ ಹೋಗುತ್ತಿದ್ದಳು. ಮೊದಲ ಫಟ್ ಕೇಳುತ್ತಲೇ ಅವಳ ಮುಖದಲ್ಲಿ ಒಂದು ನಗು. ದೊಡ್ಡ ನಗುವಲ್ಲ. ಗೆದ್ದವರು ಒಳಗೊಳಗೇ ನಗುತ್ತಾರಲ್ಲ, ಅಂಥದ್ದು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಆ ನಗು ನನ್ನ ಪಾಲಿಗೆ ಎಷ್ಟು ಸಲ ಬಂದಿದೆ? ಬೆರಳು ಮಡಿಸಿ ಎಣಿಸಲು ಕೂತೆ. ಒಂದು ಕೈ ಸಾಕಾಯಿತು, ಅದರಲ್ಲೂ ಬೆರಳು ಉಳಿದವು.

ಇದಕ್ಕೆ ನಾನು ಬೇರೆ ಹೆಸರಿಡಲು ಹೋಗುವುದಿಲ್ಲ. ಹೊಟ್ಟೆಕಿಚ್ಚು. ಅಪ್ಪಟ ಹೊಟ್ಟೆಕಿಚ್ಚು. ಅವರ ನೌಕರಿ, ಅವರ ತಲೆಯ ತುಂಬ ಇರುವ ಕಪ್ಪು ಕೂದಲು, ಇದನ್ನೆಲ್ಲ ನಾನು ಎಂದೋ ಮಾಫ್ ಮಾಡಿದ್ದೇನೆ. ಆದರೆ ಅವರ ಇಂಜಿನ್ನಿನ ಸದ್ದಿಗೆ ನನ್ನ ಮನೆಯ ಕಿಟಕಿಯಲ್ಲಿ ನನ್ನ ಹೆಂಡತಿ ನಗುವುದೇ? ಕೆಟ್ಟ ಸಂಶಯವೇನೂ ಇರಲಿಲ್ಲ, ಶಾಂತಾಳನ್ನೂ ಬಲ್ಲೆ, ಶೆಟ್ಟರನ್ನೂ ಬಲ್ಲೆ. ಆದರೂ ಉರಿ ಉರಿಯೇ. ನನಗೆ ಬೇಕಾಗಿದ್ದು ಇಷ್ಟೇ: ಒಂದು ದಿನ ನನ್ನ ಇಂಜಿನ್ ಶುರುವಾಗಬೇಕು, ಅವಳು ಕಿಟಕಿಗೆ ಬಂದು ಹಾಗೆ ನಗಬೇಕು.

ಶೆಟ್ಟರನ್ನೇ ಕೇಳಬಾರದಿತ್ತೇ ಎನ್ನುತ್ತೀರಿ. ನೀವಾಗಿದ್ದರೆ ಕೇಳುತ್ತಿದ್ದಿರಾ?

ಮಂಗಳವಾರ ಒದ್ದದ್ದಾಯಿತು. ಬುಧವಾರ ಪತ್ತೇದಾರಿಗೆ ಇಳಿದೆ. ಆರೂವರೆಗೆ ತಂಬಿಗೆ ಹಿಡಿದು ಹಿತ್ತಲಿಗೆ ಹೋದೆ. ಚಾಳಿನಲ್ಲಿ ಬೆಳಿಗ್ಗೆ ಕೈಯಲ್ಲಿ ತಂಬಿಗೆ ಇದ್ದವನನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಶೆಟ್ಟರ ಅಂಗಳ ಕಾಣುವಂತೆ ಕಣಗಿಲೆ ಗಿಡದ ಹಿಂದೆ ಕುಂಟುತ್ತ ಹೋಗಿ ಕೂತೆ. ಬಿ.ಎ. ಓದಿದ, ಈ ಅಂಕಣದಲ್ಲಿ ವಾರಕ್ಕೊಮ್ಮೆ ನಿಮಗೆ ಬುದ್ಧಿ ಹೇಳುವ ಮನುಷ್ಯ ನಾನು!

ಶೆಟ್ಟರು ಅಡುಗೆಮನೆಯಿಂದ ಓಡುತ್ತ ಹೊರಬಂದರು. ಬಟ್ಟೆಯಲ್ಲಿ ಏನೋ ಹಿಡಿದಿದ್ದರು. ಎಣ್ಣೆಯಿಂದ ಆಗ ತಾನೇ ತೆಗೆದ ವಡೆಯಂತೆ ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತ, ಉಫ್ ಉಫ್ ಎನ್ನುತ್ತ, ಇಂಜಿನ್ನಿನ ಹತ್ತಿರ ಕೂತು ಸ್ಪ್ಯಾನರಿನಿಂದ ತಿರುಗಿಸಿ ಬಿಗಿದರು. ಪ್ಲಗ್ಗು! ಪ್ಲಗ್ಗನ್ನು ಕಾಯಿಸಿ ತಂದಿದ್ದಾರೆ! ನಾನು ಮೈಮರೆತು ಎದ್ದುನಿಂತೆ. ತಂಬಿಗೆ ಠಣ್ಣೆಂದು ಕಲ್ಲಿನ ಮೇಲೆ ಬಿತ್ತು.

"ಯಾರದು? ಓ, ರಾಯರಾ! ಎಂತ, ಹೊಟ್ಟೆ ಸರಿ ಇಲ್ವಾ?"

ಸರಿ ಇಲ್ಲ, ತಿಂಗಳಿಂದ ಸರಿ ಇಲ್ಲ ಎಂದು ಹೇಳಲಾದೀತೇ? "ಶೆಟ್ಟರೇ, ಅದೇನು ಒಲೆಯಿಂದ ತಂದಿರಿ?" ಎಂದೆ.

"ಪ್ಲಗ್ಗಲ್ವಾ? ಈ ಚಳಿಗೆ ಬಿಸಿ ಮಾಡಿ ಹಾಕಿದ್ರೆ ಕೂಡ್ಲೇ ಹಿಡೀತದೆ."

"ಯಾರು ಹೇಳಿಕೊಟ್ಟರು?"

ಶೆಟ್ಟರು ನನ್ನನ್ನೇ ನೋಡಿದರು. "ಎಂತ ಮಾರಾಯ್ರೆ, ನಿಮ್ಮ ಮನೆಯಿಂದಲೇ ಬಂದದ್ದಲ್ವಾ ಇದು? ಶಾಂತಕ್ಕ ನಮ್ಮವಳ ಹತ್ರ ಹೇಳಿದ್ದು, ಬಾವಿಕಟ್ಟೆಯಲ್ಲಿ. ಇಷ್ಟು ಮಾಡಿಯೂ ನಿಮ್ಮದು ಹೋಗುವುದಿಲ್ಲ ಅಂದ್ರೆ ಏನೋ ದೊಡ್ಡ ರಿಪೇರಿಯೇ ಉಂಟು ಅಂತ ನಾನು ತಿಳ್ಕೊಂಡಿದ್ದೆ."

ಸೈಕಲ್ ಹತ್ತಿದರು. ಒಂದು, ಎರಡು, ಮೂರು. ಹೋದರು.

ನಾನು ಮನೆಗೆ ಬಂದೆ. ಶಾಂತಾ ಕಿಟಕಿಯಿಂದ ತಿರುಗಿ ಸ್ಟೋವಿನ ಮುಂದೆ ಕೂರುತ್ತಿದ್ದಳು. ನಗು ಇನ್ನೂ ಪೂರ್ತಿ ಆರಿರಲಿಲ್ಲ.

"ಪ್ಲಗ್ ಕಾಸೂದು ಶೆಟ್ಟರ ಮನ್ಯಾಗ ಹೇಳಿದಾಕಿ ನೀನೇನು?"

"ಹೌದು. ಅದರಾಗೇನದ? ಪ್ಲಗ್ ತಗದಾಗೊಮ್ಮೆ ಒದ್ದಿ ಇರ್ತದ ಅಂತ ಅವ್ರ ಮನಿಯವ್ರು ಅಂದ್ರು. ನಮ್ಮ ಸ್ಟೋವೂ ಹಂಗ ಅಲ್ಲೇನ್ರೀ? ಥಂಡ್ಯಾಗ ಬರ್ನರ್ ಕಾಸಲಾರದ ಪಂಪ್ ಹೊಡದ್ರ ಹಸೀ ಚಿಮಣಿ ಎಣ್ಣಿ ಉಕ್ಕತದ, ಉರಿ ಹತ್ತೂದಿಲ್ಲ. ಮೊದ್ಲ ಸ್ಪಿರಿಟ್ ಹಾಕಿ ಕಾಸಬೇಕು. ಒದ್ದಿ ಇದ್ರ ಒಣಗಸ್ರಿ, ತಣ್ಣಗಿದ್ರ ಕಾಸ್ರಿ ಅಂದೆ. ಮರುದಿನ ಶೆಟ್ಟರ ಬಂದು, ‘ಅಕ್ಕಾ, ನೀವು ಹೇಳಿದ ಹಾಗೇ ಮಾಡಿದೆ, ಹಿಡೀತು’ ಅಂತ ಹೇಳಿ ಹೋದ್ರು."

"ಮತ್ತ ದಿನಾ ಕಿಟಕಿಗೆ ಯಾಕ ಹೋಗ್ತಿ?"

"ಚಾಲೂ ಆಗ್ತದೋ ಇಲ್ಲೋ ನೋಡ್ಲಿಕ್ಕೆ. ನಾ ಹೇಳಿದ್ದು ಖರೇ ಆಗ್ತದಲ್ಲ, ಖುಷಿ ಆಗ್ತದ."

ನನ್ನ ದನಿ ಏರಿತು. "ಊರಿಗೆಲ್ಲ ಹೇಳ್ತಿ, ನನಗ ಯಾಕ ಹೇಳ್ಲಿಲ್ಲ?"

ಅವಳು ಸ್ಟೋವಿನ ಉರಿ ಸಣ್ಣ ಮಾಡಿದಳು. "ಹೇಳಿದ್ದೆ. ಎರಡು ಸಲ."

"ಯಾವಾಗ?"

"ಮೊದಲನೇ ಸಲ ನೀವು, ‘ಇದೇನು ನಿನ್ನ ಸ್ಟೋವ್ ಅಂತ ತಿಳದಿಯೇನು? ಇಂಜಿನ್ ಅದ ಇದು’ ಅಂದ್ರಿ. ಎರಡನೇ ಸಲ ಆ ಇಂಗ್ಲಿಷ್ ಬುಕ್ ಓದ್ಲಿಕ್ಕತ್ತಿದ್ರಿ. ಮಾತ ಆಡ್ಲಿಲ್ಲ. ಕೈ ಹಿಂಗ ಮಾಡಿದ್ರಿ." ಅವಳು ಅಂಗೈ ಮಗುಚಿ, ತಿಂಡಿಯ ಮೇಲಿನ ನೊಣ ಓಡಿಸುವ ಹಾಗೆ ಎರಡು ಸಲ ಬೀಸಿ ತೋರಿಸಿದಳು.

ಅಲ್ಲಗಳೆಯೋಣವೆಂದು ಬಾಯಿ ತೆರೆದೆ. ಆದರೆ ಆ ಕೈಯ ಗುರುತು ಸಿಕ್ಕಿಬಿಟ್ಟಿತು. ಅದು ನನ್ನದೇ.

"ಇನ್ನೊಮ್ಮೆ ಹೇಳು" ಎಂದೆ. ಅಷ್ಟು ಹೇಳಲು ಎಷ್ಟು ಹೊತ್ತು ಹಿಡಿಯಿತೆಂದು ಕೇಳಬೇಡಿ.

"ನಿಲ್ರಿ, ಹಾಲು ಇಳಸ್ತೇನಿ. ಪ್ಲಗ್ ಬಿಚ್ಚಿ ತರ್ರಿ."

ತಂದುಕೊಟ್ಟೆ. ಒಣ ಬಟ್ಟೆಯಿಂದ ಒರೆಸಿ, ಇಕ್ಕಳದಲ್ಲಿ ಹಿಡಿದು, ಹಪ್ಪಳ ಸುಡುವವಳ ಹಾಗೆ ಆಚೀಚೆ ಹೊರಳಿಸಿ ಕಾಯಿಸಿಕೊಟ್ಟಳು. ನಾನು ಅಂಗಳಕ್ಕೆ ಓಡಿದೆ. ಉಫ್ ಉಫ್ ಎನ್ನುತ್ತ ಬಿಗಿದೆ. ಸೈಕಲ್ ಹತ್ತಿದೆ. ಒಂದು, ಎರಡು. ಫಟ್ ಫಟ್ ಫಟ್! (ಎರಡೇ. ಶೆಟ್ಟರಿಗಿಂತ ಒಂದು ಕಡಿಮೆ. ಎಣಿಸಿದೆ, ಒಪ್ಪಿಕೊಳ್ಳುತ್ತೇನೆ.)

ಕೂಡಲೇ ಕುತ್ತಿಗೆ ತಿರುಗಿಸಿ ಕಿಟಕಿ ನೋಡಿದೆ. ಯಾರೂ ಇರಲಿಲ್ಲ.

ಸಂಜೆ ಕೇಳಿದೆ, "ನನ್ನದು ಚಾಲೂ ಆದಾಗ ನೋಡ್ಲಿಕ್ಕೆ ಬರಲಿಲ್ಲಲ್ಲ?"

"ಆಗ್ತದಂತ ಗೊತ್ತಿತ್ತು. ತಿಂಗಳಿಂದ ಶೆಟ್ಟರದು ನೋಡ್ಲಿಕ್ಕತ್ತೀನಲ್ಲ" ಎಂದು ಅವಳು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಆ ನಗು ನನಗೆ ಸಿಗಲಿಲ್ಲ. ಅದು ತನ್ನ ಮಾತು ನಿಜವಾಗುವುದನ್ನು ಕಾದು ನೋಡುವವಳ ನಗು, ತಿಂಗಳಿಡೀ ಶೆಟ್ಟರ ಅಂಗಳದಲ್ಲಿ ಖರ್ಚಾಗಿಹೋಯಿತು. ಈಗ ನನ್ನ ಹೊಟ್ಟೆಕಿಚ್ಚು ಅವರ ಇಂಜಿನ್ನಿನ ಮೇಲಲ್ಲ. ತನ್ನ ಹೆಂಡತಿಯ ಬಾಯಿಂದ ಬಾವಿಕಟ್ಟೆಯ ಸುದ್ದಿ ಕೇಳಿ, ನಗದೆ, ಕೈ ಬೀಸದೆ, ಮರುದಿನವೇ ಹಾಗೆ ಮಾಡಿ ನೋಡಿ, ಬಂದು ಹೇಳಿಯೂ ಹೋದ ಆ ಮನುಷ್ಯನ ಮೇಲೆ. ಅಷ್ಟು ಸುಲಭದ ಕೆಲಸ ನನ್ನಿಂದ ಯಾಕಾಗಲಿಲ್ಲ?

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬುದ್ಧಿ ಕಲಿತೆ ಎಂದು ಬರೆದು ಸಹಿ ಹಾಕುತ್ತಿದ್ದೆ. ಆದರೆ ಗುರುವಾರ ಲೋಕಲ್ಲಿನಲ್ಲಿ ದಿನದ ಗೆಳೆಯರು ಹಿಡಿದುಕೊಂಡರು. "ಏನ್ ರಾಯರೇ, ಎರಡು ದಿವಸದಿಂದ ಟೈಮಿಗೆ ಸರಿಯಾಗಿ ಬರ್ತಾ ಇದ್ದೀರಿ? ಇಂಜಿನ್ ರಿಪೇರಿ ಆಯ್ತಾ?"

"ಪ್ಲಗ್ ಕಾಯಿಸಿ ಹಾಕಬೇಕು, ಅಷ್ಟೇ" ಎಂದೆ. "ನಮ್ಮ ಪಕ್ಕದ ಮನೆ ಶೆಟ್ಟರ ಉಪಾಯ."

ಎಲ್ಲರೂ ಶೆಟ್ಟರನ್ನು ಹೊಗಳಿದರು. ಮಲಾಡ್ ಬರುವ ಹೊತ್ತಿಗೆ ನನಗೆ ಹೊಳೆಯಿತು. ತಿಂಗಳಿಡೀ ಯಾರನ್ನು ಕಂಡರೆ ಉರಿದು ಬೀಳುತ್ತಿದ್ದೆನೋ ಆ ಮನುಷ್ಯನಿಗೆ ಈ ಬಿರುದು ಕೊಡಲು ನನ್ನ ನಾಲಿಗೆ ಕ್ಷಣವೂ ತಡೆಯಲಿಲ್ಲ. ಶಾಂತಾಳ ಹೆಸರು ಬಾಯಿಗೇ ಬರಲಿಲ್ಲ. ತಿದ್ದಿ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಮಾತು ಕ್ರಿಕೆಟ್ಟಿಗೆ ಹೊರಳಿತ್ತು, ನಾನೂ ಹೊರಳಲು ಬಿಟ್ಟೆ.

ಒಂದೇ ಗೋಡೆಯ ಒಳಗೆ, ಒಂದೇ ತಟ್ಟೆಯ ಎದುರಿಗೆ ಕೂತು ಆಡಿದ ಹೆಂಡತಿಯ ಮಾತು ನಮ್ಮ ಕಿವಿಗೆ ಬೀಳಬೇಕಾದರೆ, ಅದು ಶೆಟ್ಟರ ಮನೆ ಸುತ್ತಿಕೊಂಡೇ ಬರಬೇಕೇ?