ಅಂಗೈ ಗಂಟಿಗೆ ಕೈಮುಗಿದವರು

ಅಂಗೈಯಲ್ಲಿ ಗಂಟು ಎದ್ದರೆ ನೀವೇನು ಮಾಡುತ್ತೀರಿ? ಡಾಕ್ಟರಿಗೆ ತೋರಿಸುತ್ತೀರಿ, ಅಲ್ಲವೇ? ಕಮತಗಿಯ ನಮ್ಮ ಗೌರವ್ವ ಚಿಗವ್ವ ಓಣಿಯವರಿಗೆ ತೋರಿಸಿದಳು. ಅವರು ಕೈಮುಗಿದರು!

ಕಾರಣವಿತ್ತು. ಗಂಟು ಎದ್ದದ್ದು ಎಡ ಅಂಗೈಯ ನಟ್ಟನಡುವೆ. ದಿನಾ ಬೆಳಿಗ್ಗೆ ಆಕೆ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುವ ಜಾಗ ಅದು.

"ಇದು ಲಿಂಗಪೂಜಿ ಫಲಾಬೇ ಗೌರವ್ವ, ಎಲ್ಲಾರಿಗೂ ಬರೂದಲ್ಲ" ಎಂದು ಎದುರುಮನೆಯ ಅಜ್ಜಿ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. ಸುದ್ದಿ ಹಬ್ಬಿತು. ಪರೀಕ್ಷೆಗೆ ಹೊರಟ ಮಕ್ಕಳೆಲ್ಲ ಬಂದು ಆ ಕೈಯನ್ನು ತಲೆಯ ಮೇಲೆ ಇಡಿಸಿಕೊಂಡು ಹೋದರು. (ಅವರಲ್ಲೊಬ್ಬಳು ಬಿ.ಎಸ್ಸಿ. ಜೀವಶಾಸ್ತ್ರ!)

ನಾನು ಬಾಗಲಕೋಟೆಯಿಂದ ಹೋಗುವಷ್ಟರಲ್ಲಿ ಗಂಟು ನಿಂಬೆಕಾಯಿಯಷ್ಟಾಗಿತ್ತು. ಅದರ ಮೇಲೆ ಲಿಂಗ ನಿಲ್ಲುತ್ತಲೇ ಇರಲಿಲ್ಲ, ಜಾರುತ್ತಿತ್ತು.

"ನೋಯತೈತೇನ್ಬೇ?"

"ಇಲ್ಲೋ ತಮ್ಮಾ, ಒಂಚೂರೂ ಇಲ್ಲ."

ಇದೇ ನೋಡಿ ನಮ್ಮ ಹಣೆಬರಹ. ಹಲ್ಲು ನೋವಾದರೆ ಸಾಕು, ದವಾಖಾನೆಗೆ ಓಡುತ್ತೇವೆ. ನೋಯದ ಗಂಟನ್ನು ವರ್ಷಗಟ್ಟಲೆ ಸಾಕುತ್ತೇವೆ. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತೋರಿಸಲಿ?

ಬಾಗಲಕೋಟೆಗೆ ಕರೆತಂದೆ. ಡಾಕ್ಟರು ಗಂಟಿನ ತುಣುಕು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬಂತು: ಸಾರ್ಕೋಮಾ. ಎಲುಬಿನಲ್ಲಲ್ಲ, ಸ್ನಾಯು-ಕೊಬ್ಬಿನಂಥ ಮೆದು ಭಾಗದಲ್ಲಿ ಹುಟ್ಟಿದ ಅಪರೂಪದ ಕ್ಯಾನ್ಸರ್. ಸಣ್ಣದಿದ್ದಾಗ ಬಂದಿದ್ದರೆ ಗಂಟನ್ನೂ ಸುತ್ತಲಿನ ಒಂದಿಷ್ಟು ಭಾಗವನ್ನೂ ತೆಗೆದು, ಬೇಕಾದರೆ ರೇಡಿಯೇಷನ್ ಕೊಟ್ಟು ಕೈ ಉಳಿಸಲು ನೋಡಬಹುದಿತ್ತಂತೆ. ಈಗ ನರ, ರಕ್ತನಾಳ ಎಲ್ಲವನ್ನೂ ಸುತ್ತಿಕೊಂಡಿತ್ತು.

"ಮಣಿಕಟ್ಟಿನ ಮ್ಯಾಲಿಂದ ಕೈ ತಗೀಬೇಕ್ರಿ. ಎದಿ ಸ್ಕ್ಯಾನ್ ಕ್ಲೀನ್ ಐತಿ. ಜೀವಾ ಉಳಸಾಕ ನೋಡೋಣ್ರಿ" ಎಂದರು ಡಾಕ್ಟರು.

ಚಿಗವ್ವ ಜೀವದ ಬಗ್ಗೆ ಕೇಳಲೇ ಇಲ್ಲ. "ಹಂಗಾದ್ರ ಲಿಂಗ ಎಲ್ಲಿ ಇಟ್ಕೊಳ್ಳಲಿ?" ಎಂದಳು. ಡಾಕ್ಟರು ಫೈಲು ತಿರುವತೊಡಗಿದರು.

"ನನ್ನ ಕೈ ಐತಲ್ಲ" ಎಂದ ಪಕ್ಕದಲ್ಲಿದ್ದ ಆಕೆಯ ಗಂಡ, ನಮ್ಮ ಕಾಕಾ.

ಚಹಾ ಬರದೆ ಹಾಸಿಗೆ ಬಿಟ್ಟೇಳದ ಮನುಷ್ಯ ಅವನು. ಆಪರೇಷನ್ ಆದ ಮೇಲೆ ದಿನಾ ನಸುಕಿನಲ್ಲೆದ್ದು ಜಳಕ ಮಾಡಿ, ಹೆಂಡತಿಯೆದುರು ಅಂಗೈ ಚಾಚಿ ಕೂತ. ಅವನ ಅಂಗೈಯ ಮೇಲಿನ ಲಿಂಗಕ್ಕೆ ಆಕೆ ಬಲಗೈಯಿಂದ ವಿಭೂತಿ ಹಚ್ಚಿ, ಪತ್ರಿ ಏರಿಸಿದಳು. ಕೈ ಹೋದರೂ ಗೆದ್ದೆವು ಎಂದುಕೊಂಡೆವು.

ಕಳೆದ ವಾರ ಚೆಕಪ್ ಇತ್ತು. ಶ್ವಾಸಕೋಶದಲ್ಲಿ ಚುಕ್ಕೆಗಳು ಕಂಡವು. ಈ ರೋಗ ಹಬ್ಬಿದರೆ ಹೆಚ್ಚಾಗಿ ಅಲ್ಲಿಗೇ ಹೋಗುತ್ತದಂತೆ. ಔಷಧ ಕೊಡೋಣ ಎಂದರು ಡಾಕ್ಟರು. ವಾಸಿಯಾಗುತ್ತದೆ ಎನ್ನಲಿಲ್ಲ.

ಕಮತಗಿಗೆ ಮರಳುವ ಬಸ್ಸಿನಲ್ಲಿ ಚಿಗವ್ವ ನನ್ನ ಪಕ್ಕ ಕೂತಿದ್ದಳು. ಕಾಕಾ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ, ಅಥವಾ ಹಾಗೆ ನಟಿಸುತ್ತಿದ್ದ. ಆಕೆ ಸೆರಗಿನೊಳಗಿನ ಮೋಟುಗೈ ಸವರಿಕೊಳ್ಳುತ್ತ ಸಣ್ಣ ದನಿಯಲ್ಲಿ ಕೇಳಿದಳು:

"ತಮ್ಮಾ, ಹೆಂಗಿದ್ರೂ ಹೋಗಾಕಿನಽ ಇದ್ದೆ ಅಂದ್ರ, ನನ್ನ ಕೈಯಾದ್ರೂ ನನಗ ಬಿಡಬಾರದಿತ್ತೇನೋ?"