ರಸ್ತೆ ಬದಿಯ ಸಿಪ್ಪೆ

ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟು ನಲ್ಲೂರಿನ ಕಣಗಳಲ್ಲಿ ಅಡಿಕೆ ಸುಲಿಯಲು ಕೂತವಳು. ತಂಗಿ ಓದಿದಳು. ಕಾಲೇಜಿನ ಲ್ಯಾಬಿನಲ್ಲಿ ಅವಳು ಸಂಶೋಧನೆಗೆ ಹಿಡಿದದ್ದು ನಾವು ಬಿಸಾಡುವ ಅಡಿಕೆ ಸಿಪ್ಪೆಯನ್ನೇ. ಅದನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ನಾರಾಗುವ ತನಕ ಅರೆದು, ಪ್ಲಾಸ್ಟಿಕ್ಕಿಗೆ ಬೆರೆಸಿ ಬೆರಳುದ್ದದ ಪಟ್ಟಿಗಳನ್ನು ಮಾಡುತ್ತಿದ್ದಳು. ಯಂತ್ರವೊಂದು ಪಟ್ಟಿಯ ಎರಡೂ ತುದಿ ಹಿಡಿದು, ಹರಿಯುವವರೆಗೆ ಎಳೆಯುತ್ತದಂತೆ.

"ಗೋಡೆ ಮಣ್ಣಿಗೆ ಹುಲ್ಲು ಹಾಕಿ ತುಳೀತಿದ್ರಲ್ಲಕ್ಕಾ, ಹಂಗೇ ಇದು," ಎಂದಿದ್ದಳು.

ಮೊದಲ ಚೀಲದ ಸಿಪ್ಪೆಯಿಂದ ಮಾಡಿದ ಪಟ್ಟಿಗಳು ಬರೀ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಹೆಚ್ಚು ಎಳೆತ ತಡೆದವು. ಇನ್ನೊಮ್ಮೆಯೂ ಹಾಗೇ ಬಂದರೆ ಮಾತ್ರ ಮೇಷ್ಟ್ರು ಒಪ್ಪುತ್ತಾರೆಂದು ಮತ್ತೊಂದು ಚೀಲ ಕೇಳಿದಳು. ಹಸಿ ಕಾಯಿಯದೇ ಆಗಬೇಕು, ಸುಲಿದ ದಿನವೇ ಚಾಪೆಯ ಮೇಲೆ ಹರವಬೇಕು.

ಮೊದಲ ಸಲ ಹಾಗೇ ಮಾಡಿದ್ದೆ. ಆಗ ಜೊತೆಯಲ್ಲಿ ಸುಲಿಯುವ ಹೆಂಗಸೊಬ್ಬಳು, "ಏನವ್ವಾ, ನಿನ್ ತಂಗಿ ಅಷ್ಟು ಓದಿ ಕೊನೀಗೆ ತಿಪ್ಪೀಗೇ ಬಂದ್ಳಲ್ಲ! ಸಂಡಿಗೆ ಹಾಕಿದಂಗೆ ಸಿಪ್ಪೆ ಹಾಕಿದೀಯ, ಕಾಗೆ ಓಡಿಸಾಕೆ ಕೋಲು ಕೊಡ್ಲೇನು?" ಎಂದಿದ್ದಳು. ಕಣವೆಲ್ಲ ನಕ್ಕಿತ್ತು.

ಎರಡನೇ ಸಲ ಚಾಪೆ ಹಾಸಲು ನಾಚಿಕೆಯಾಯಿತು. ಹಿಂದಿನ ವರ್ಷ ರಸ್ತೆ ಬದಿಗೆ ಸುರಿದಿದ್ದ, ಮಳೆಗೆ ನೆನೆದು ಕಪ್ಪಾಗಿದ್ದ ಸಿಪ್ಪೆಯ ಗುಡ್ಡೆಯಿಂದ ಚೀಲ ತುಂಬಿದೆ. ತೊಳೆದು, ಒಣಗಿಸಿ ಕಳಿಸಿದೆ. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೊಳೆತ ಹಗ್ಗದಲ್ಲಿ ಕರುವನ್ನೂ ಕಟ್ಟಬಾರದೆಂದು ತಿಳಿದವಳು ನಾನು.

ಆ ಸಿಪ್ಪೆಯ ಪಟ್ಟಿಗಳು ಯಂತ್ರ ಎಳೆದೊಡನೆ ಪಟಪಟನೆ ತುಂಡಾದವಂತೆ. ತಂಗಿ ಫೋನ್ ಮಾಡಿದಳು.

"ಅಕ್ಕಾ, ಈ ಸಲದ್ದು ಕಪ್ಪಗೈತಲ್ಲ. ಹಸಿ ಕಾಯಿದೇ ತಾನೆ?"

"ಹೂಂ ಕಣೇ. ಬಿಸಿಲಿಗೆ ಹಂಗಾಗೈತೆ."

ನಂಬಿದಳು. ಮೊದಲಿನ ಅಂಕಿಗಳನ್ನು ನೀನೇ ಕಟ್ಟಿ ಬರೆದಿದ್ದೀಯ ಎಂದು ಅವಳ ಮೇಷ್ಟ್ರು ಎಲ್ಲರೆದುರು ಅಂದರಂತೆ. ಮತ್ತೊಂದು ಅವಕಾಶ ಕೊಡಲಿಲ್ಲ. ಈಗ ಅವಳು ಚನ್ನಗಿರಿಯಲ್ಲಿ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೂರುತ್ತಾಳೆ.

ಕಳೆದ ತಿಂಗಳು ಹೇಳಿಬಿಡಬೇಕೆಂದೇ ಅಲ್ಲಿಗೆ ಹೋದೆ. "ನಿನ್ನ ಆ ಸಿಪ್ಪೆ..." ಎಂದು ಶುರು ಮಾಡುವಷ್ಟರಲ್ಲಿ, ಯಾರದೋ ಆಧಾರ್ ಕಾರ್ಡನ್ನು ಮೆಷಿನ್ನಿನ ಗಾಜಿನ ಮೇಲೆ ಸರಿಯಾಗಿ ಕೂರಿಸುತ್ತಾ ಅವಳೇ ಅಂದಳು: "ಹೋಗ್ಲಿ ಬಿಡಕ್ಕಾ. ಮೊದ್ಲನೇ ಸಲ ನಾನೇ ಏನೋ ತಪ್ಪು ಅಳೆದಿರ್ಬೇಕು."

ಅವಳು ಸರಿಯಾಗಿಯೇ ಅಳೆದಿದ್ದಳು. ಅದು ಗೊತ್ತಿರುವುದು ನನಗೊಬ್ಬಳಿಗೇ. ಅವಳು ತರಿಸಿಕೊಟ್ಟ ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.